ರೋಖ ಎಂದರೆ ನೋಟೇ ಆಗಬೇಕೇ?

ತೋಟಿಗ, ಶಿರಸಿ ಕಡೆ:
ಇದು ನೂರ ಇಪ್ಪತ್ತೆಂಟು ರೂಪಾಯಿಯ ತಕರಾರು. ಮೂರು ದಿನದಿಂದ ತಲೆ ಕೊರೆಯುತ್ತಿದೆ, ಆದ್ದರಿಂದ ಇಲ್ಲಿ ಇಳಿಸಿಬಿಡುತ್ತೇನೆ.

ಮಳೆ ಹಿಡಿಯುವ ಮೊದಲು ಅಡಿಕೆಗೆ ಔಷಧಿ ಹೊಡೆಯಬೇಕಲ್ಲ, ಅದಕ್ಕೆ ಮೈಲುತುತ್ತ, ಸುಣ್ಣ, ಪಂಪಿಗೆ ಒಂದು ಹೊಸ ಪೈಪು ತರಲು ಪೇಟೆಗೆ ಹೋಗಿದ್ದೆ. ಅಂಗಡಿಯ ಹೆಸರು ಬೇಡ. ಅಪ್ಪನ ಕಾಲದಿಂದಲೂ ನಮ್ಮ ಮನೆಯ ವ್ಯವಹಾರ ಅಲ್ಲಿಯೇ. ಗಲ್ಲೆಯ ಮೇಲೆ ಒಂದು ತಗಡಿನ ಫಲಕ ತೂಗುತ್ತದೆ, ನಾನು ಚಡ್ಡಿ ಹಾಕುತ್ತಿದ್ದ ಕಾಲದಿಂದಲೂ ಅದೇ ಫಲಕ: ‘ರೋಖ ಖರೀದಿಗೆ ಶೇ. 2 ಸೋಡಿ. ಉದ್ರಿ ಕೇಳಬೇಡಿ.’ ಅಂದರೆ ರೋಖ ಕೊಟ್ಟರೆ ಬೆಲೆಯಲ್ಲಿ ನೂರಕ್ಕೆ ಎರಡು ರೂಪಾಯಿ ಕಡಿತ, ಸಾಲ ಮಾತ್ರ ಕೇಳಬೇಡಿ.

ಬಿಲ್ಲು 6,400 ರೂಪಾಯಿ ಆಯಿತು. ಸೋಡಿ ಕಳೆದೇ ಬರೆದಿರುತ್ತಾರೆ ಎಂದುಕೊಂಡು ನಿಂತ ಕಾಲಲ್ಲೇ ಮೊಬೈಲಿನಿಂದ ಅಷ್ಟೂ ಕಳಿಸಿದೆ. ಮೇಜಿನ ಮೇಲಿದ್ದ ಡಬ್ಬಿ ಇಡೀ ಅಂಗಡಿಗೆ ಕೇಳುವಂತೆ ಹಣ ಬಂದಿತೆಂದು ಸಾರಿತು. ಬಿಲ್ಲು ನೋಡಿದರೆ ಸೋಡಿ ಕಳೆದಿರಲಿಲ್ಲ. ಕೇಳಿದೆ. ‘ಅದು ರೋಖಕ್ಕೆ ಮಾತ್ರ. ನೀವು ಫೋನಿನಲ್ಲಿ ಕೊಟ್ಟಿರಿ’ ಎಂದರು.

ನಾನು ಉದ್ರಿ ಮಾಡಿಲ್ಲ. ಚೆಕ್ ಕೊಟ್ಟು ಮೂರು ದಿನ ಕಾಯಿಸಿಲ್ಲ. ಮಾಲು ಕೈಗೆ ಬರುವ ಮೊದಲೇ ಹಣ ಕೊಟ್ಟವನು ನಾನು. ಉದ್ರಿಯಲ್ಲದ್ದು ರೋಖ ಎಂದು ನಾನು ಇಷ್ಟು ವರ್ಷ ತಿಳಿದಿದ್ದೆ. ತಪ್ಪು ತಿಳಿದಿದ್ದೆನೇ?

ಅಂಗಡಿಕಟ್ಟೆ, ಹೊನ್ನಾವರ:
ತೋಟಿಗರೇ, ನಾನೂ ಗಲ್ಲೆಯ ಹಿಂದೆ ಕೂರುವವನು. ಆ ಅಂಗಡಿಯವರ ಪರವಾಗಿ ಮಾತನಾಡಲು ಇಲ್ಲಿ ಇನ್ನಾರೂ ಬರುವುದಿಲ್ಲ ಎಂದು ಗೊತ್ತು, ಆದ್ದರಿಂದ ನಾನೇ ಬಂದೆ.

ರೋಖ ಎಂದರೆ ಗಲ್ಲೆಗೆ ಬೀಳುವುದು. ಸಂಜೆ ಬಾಗಿಲು ಹಾಕುವ ಮೊದಲು ಬೆರಳಿಗೆ ಎಂಜಲು ಹಚ್ಚಿ ಎಣಿಸಲು ಸಿಗುವುದು. ಶನಿವಾರ ಹಮಾಲರಿಗೆ ಕೂಲಿ ಕೊಡುವುದು ಅದರಿಂದ. ಘಟ್ಟ ಇಳಿದು ಬಂದ ಲಾರಿಯವನಿಗೆ ಬಾಡಿಗೆ ಕೊಡುವುದು ಅದರಿಂದ. ಫೋನಿನಲ್ಲಿ ಬಂದದ್ದು ನನ್ನ ಬ್ಯಾಂಕಿನ ಕ್ಯಾಶ್ ಕ್ರೆಡಿಟ್ ಖಾತೆಗೆ ಹೋಗುತ್ತದೆ. ಅಲ್ಲಿ ಸಾಲ ಬಾಯಿ ತೆರೆದು ಕೂತಿರುತ್ತದೆ. ನೀವು ಕೊಟ್ಟದ್ದು ನಿಜ, ನಾನು ಕಂಡದ್ದು ಸುಳ್ಳು. ಕಾಣದ ಹಣಕ್ಕೆ ಸೋಡಿ ಹೇಗೆ ಬಿಡಲಿ?

ತೋಟಿಗ:
ಸಾಲ ಅಷ್ಟು ತೀರಿತಲ್ಲ, ಬಡ್ಡಿ ಅಷ್ಟು ಉಳಿಯಿತಲ್ಲ! ಅದು ಕಂಡ ಹಾಗಲ್ಲವೇ? ಆ ಖಾತೆಯ ಹೆಸರನ್ನೇ ನೋಡಿ, ‘ಕ್ಯಾಶ್ ಕ್ರೆಡಿಟ್’. ಒಂದು ಕಾಲು ರೋಖದಲ್ಲಿ, ಇನ್ನೊಂದು ಕಾಲು ಉದ್ರಿಯಲ್ಲಿ. ನಿಮ್ಮ ವಾದವೂ ಹಾಗೆಯೇ ನಿಂತಿದೆ.

ಒಂಟಿಕೊಪ್ಪಲು, ಸದ್ಯ ಕಾರವಾರ:
ಮೈಸೂರಿನಿಂದ ವರ್ಗವಾಗಿ ಬಂದು ಎರಡು ವರ್ಷವಾದ ಶಿಕ್ಷಕ ನಾನು. ಕ್ಷಮಿಸಿ, ಮೊದಲ ಸಲ ಆ ಫಲಕ ಕಂಡಿದ್ದರೆ ‘ರೋಷ ಖರೀದಿ’ ಎಂದು ಓದಿಕೊಳ್ಳುತ್ತಿದ್ದೆ. ನಮ್ಮ ಕಡೆ ಇದು ‘ನಗದು’. ಉದ್ರಿಗೆ ‘ಸಾಲ’ ಅಥವಾ ‘ಕಡ’. ‘ಸೋಡಿ’ ಎಂಬುದನ್ನು ಇಲ್ಲಿಗೆ ಬಂದ ಮೇಲೆಯೇ ಕೇಳಿದ್ದು.

ನನ್ನ ಕಷ್ಟ ಇನ್ನೊಂದು ಪದದ್ದು. ಇಲ್ಲಿಗೆ ಬಂದ ಮೊದಲ ತಿಂಗಳು ಮನೆ ಬಾಡಿಗೆಯನ್ನು ಬ್ಯಾಂಕಿನಿಂದ ಕಳಿಸಿ, ಮನೆಯ ಯಜಮಾನರಿಗೆ ‘ಬಾಡಿಗೆ ಪಾವತಿ ಮಾಡಿದ್ದೇನೆ’ ಎಂದು ಸಂದೇಶ ಹಾಕಿದೆ. ಎಂಬತ್ತು ದಾಟಿದ ಹಿರಿಯರು. ಅರ್ಧ ಗಂಟೆಯಲ್ಲಿ ಉತ್ತರ ಬಂತು: ‘ಪಾವತಿ ಮಾಡಬೇಕಾದವನು ನಾನು, ನೀವು ಹೇಗೆ ಮಾಡಿದಿರಿ?’ ನಾನು ಬೆವರಿದೆ. ಇವರು ಮುಂಗಡ ಹಿಂದಿರುಗಿಸಿ ನನ್ನನ್ನು ಹೊರಗೆ ಹಾಕಲಿದ್ದಾರೆ ಎಂದೇ ಅನ್ನಿಸಿತು. ಸಂಜೆ ಅವರೇ ಕೆಳಗಿಳಿದು ಬಂದು, ಕಾರ್ಬನ್ ಹಾಳೆ ಇಟ್ಟ ಚಿಕ್ಕ ಪುಸ್ತಕದಲ್ಲಿ ನನ್ನ ಹೆಸರು ಬರೆದು, ರೆವಿನ್ಯೂ ಸ್ಟ್ಯಾಂಪ್ ಅಂಟಿಸಿ, ಸಹಿ ಹಾಕಿ ಹರಿದು ಕೊಟ್ಟರು. ‘ತೆಗೆದುಕೊಳ್ಳಿ ಮಾಸ್ತರರೇ, ಇದು ಪಾವತಿ’ ಎಂದರು.

ನಾವು ಹಣ ಕೊಡುವುದಕ್ಕೆ ಪಾವತಿ ಎನ್ನುತ್ತೇವೆ. ಇಲ್ಲಿ ಹಣ ಮುಟ್ಟಿತೆಂಬ ಚೀಟಿಗೆ ಪಾವತಿ ಎನ್ನುತ್ತಾರೆ. ಒಂದೇ ಪದ, ಒಂದೇ ರಾಜ್ಯ, ಮುಖ ಮಾತ್ರ ಎದುರು ಬದುರು.

ಕಾಳಿತೀರ, ಕಾರವಾರ:
ಮಾಸ್ತರರೇ, ನಿಮ್ಮ ಯಜಮಾನರ ಅರ್ಥವೇ ಹಳೆಯದು. ಮರಾಠಿಯಲ್ಲಿ ‘ಪಾವಣೆ’ ಎಂದರೆ ತಲುಪುವುದು, ಮುಟ್ಟುವುದು. ಮುಟ್ಟಿತೆಂದು ಬರೆದುಕೊಡುವ ಚೀಟಿ ‘ಪಾವತಿ’. ನಮ್ಮ ಜಿಲ್ಲೆ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು, 1956ರ ತನಕ ಅಲ್ಲಿಯೇ ಇತ್ತು. ಕಚೇರಿಯ ಕಾಗದ, ಸಂಘದ ಲೆಕ್ಕ, ಅಂಗಡಿಯ ಕಿರ್ದಿ ಎಲ್ಲದರಲ್ಲೂ ಆ ಕಡೆಯ ಪದಗಳು ಕೂತುಬಿಟ್ಟವು. ರೋಖ, ಉದ್ರಿ, ಶಿಲ್ಕು, ಪಾವತಿ ಎಲ್ಲ ಒಂದೇ ದೋಣಿಯಲ್ಲಿ ಬಂದವು. ನೀವು ‘ರಸೀದಿ’ ಎನ್ನುತ್ತೀರಲ್ಲ, ಅದು ಪಾರಸಿ, ಅದರ ಅರ್ಥವೂ ‘ತಲುಪಿತು’ ಎಂದೇ. ಜಗಳವಾಡಲು ಏನೂ ಉಳಿಯಲಿಲ್ಲ.

ಹಡಗಿನಲ್ಲಿ ಬಂದವೂ ಇವೆ. ಸಂಬಳಕ್ಕೆ ನಾವು ‘ಪಗಾರ’ ಎನ್ನುತ್ತೇವೆ, ಅದು ಪೋರ್ಚುಗೀಸರ ‘ಪಗಾರ್’, ಅಂದರೆ ಹಣ ಕೊಡು. ಹರಾಜಿಗೆ ‘ಲಿಲಾವು’ ಎನ್ನುತ್ತೇವೆ, ಅದು ಅವರ ‘ಲೈಲಾಂವ್’. ಗಡಿಯ ಮಾಜಾಳಿ ದಾಟಿ ಗೋವೆಗೆ ಕಾಲಿಟ್ಟರೆ 1961ರ ಡಿಸೆಂಬರ್ ತನಕ ಅವರದೇ ರಾಜ್ಯ, ಅವರದೇ ನಾಣ್ಯ. ಅಜ್ಜಿಯ ಪೆಟ್ಟಿಗೆಯಲ್ಲಿ ಒಂದು ಗೋವೆಯ ರುಪಿಯಾ ಇತ್ತು, ಯಾವ ಅಂಗಡಿಯಲ್ಲೂ ನಡೆಯದ್ದು. ಮಕ್ಕಳು ಅತ್ತರೆ ಆಡಲು ಕೊಡುತ್ತಿದ್ದಳು.

ತೋಟಿಗ:
ನನ್ನ 128 ರೂಪಾಯಿ ಗೋವೆ ತಲುಪಿತು. ದಯವಿಟ್ಟು ಹಿಂದಕ್ಕೆ ಕರೆದುಕೊಂಡು ಬನ್ನಿ.

ಅಘನಾಶಿನಿ, ಕುಮಟಾ:
ನಾನು ತರುತ್ತೇನೆ. ಬ್ಯಾಂಕಿನ ಕೌಂಟರಿನಲ್ಲಿ ಮೂವತ್ತೊಂದು ವರ್ಷ ಕೂತು ನಿವೃತ್ತಳಾದವಳು, ನಗದು ಎಂಬ ಪದದ ಎರಡೂ ಮುಖಗಳನ್ನು ದಿನವೂ ನೋಡಿದ್ದೇನೆ.

ವ್ಯಾಪಾರದ ಲೆಕ್ಕದಲ್ಲಿ ‘ರೋಖ ವಿಕ್ರಿ’ ಮತ್ತು ‘ಉದ್ರಿ ವಿಕ್ರಿ’ ಎಂಬ ಭಾಗ ಇದೆ. ಇಲ್ಲಿ ಕೇಳುವ ಪ್ರಶ್ನೆ ‘ಯಾವಾಗ ಕೊಟ್ಟರು?’ ಎಂಬುದು. ಆಗಲೇ ಕೊಟ್ಟರೆ ರೋಖ. ಯಾವುದರಲ್ಲಿ ಕೊಟ್ಟರು ಎಂಬುದು ಇಲ್ಲಿ ಮುಖ್ಯವಲ್ಲ. ಆದರೆ ಅದೇ ಅಂಗಡಿಯ ನಗದು ಪುಸ್ತಕ ತೆರೆಯಿರಿ. ಅಲ್ಲಿ ‘ನಗದು’ ಒಂದು ಕಾಲಮು, ‘ಬ್ಯಾಂಕು’ ಇನ್ನೊಂದು ಕಾಲಮು. ಇಲ್ಲಿ ಪ್ರಶ್ನೆ ‘ಎಲ್ಲಿದೆ?’ ಎಂಬುದು. ಪೆಟ್ಟಿಗೆಯಲ್ಲಿದ್ದರೆ ನಗದು, ಖಾತೆಯಲ್ಲಿದ್ದರೆ ಬ್ಯಾಂಕು. ತೋಟಿಗರ 6,400 ರೂಪಾಯಿ ಮೊದಲ ಲೆಕ್ಕದಲ್ಲಿ ರೋಖ, ಎರಡನೆಯದರಲ್ಲಿ ಅಲ್ಲ. ಇಬ್ಬರೂ ಸರಿ ಎಂದು ಹೇಳಿ ಎದ್ದು ಹೋಗಬಹುದಿತ್ತು, ಆದರೆ ನನಗೆ ಹಾಗೆ ಎದ್ದು ಹೋಗುವ ಅಭ್ಯಾಸವಿಲ್ಲ.

ಆದಾಯ ತೆರಿಗೆಯವರ ನಗದು ಅಂಗಡಿಕಟ್ಟೆಯವರ ನಗದೇ. 2017ರ ಏಪ್ರಿಲ್ 1ರಿಂದ ಒಬ್ಬರಿಂದ ಒಂದು ದಿನದಲ್ಲಿ ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವಂತಿಲ್ಲ ಎಂಬ ನಿಯಮವಿದೆ. ಅಲ್ಲಿ ನಗದು ಎಂದರೆ ನೋಟು ನಾಣ್ಯವೇ. ಬ್ಯಾಂಕಿನ ಮೂಲಕ ಕೊಟ್ಟರೆ ಆ ನಿಯಮ ಮುಟ್ಟುವುದಿಲ್ಲ. ಅಷ್ಟರ ಮಟ್ಟಿಗೆ ಅಂಗಡಿಯವರಿಗೆ ಕಾನೂನಿನ ಬೆಂಬಲವಿದೆ.

ಆದರೆ ತೀರ್ಪು ಕೊಡಬೇಕಾದದ್ದು ಆ ಫಲಕದ ಮಾತಿನ ಮೇಲೆ. ಅದರಲ್ಲಿ ರೋಖದ ಪಕ್ಕದಲ್ಲೇ ‘ಉದ್ರಿ ಕೇಳಬೇಡಿ’ ಎಂದಿದೆ. ಬರೆಸಿದವರು ಎದುರಿಗೆ ಇಟ್ಟಿದ್ದು ಉದ್ರಿಯನ್ನು, ಫೋನನ್ನಲ್ಲ. ಫೋನಿನ ವ್ಯವಹಾರಕ್ಕೆ ದುಬಾರಿ ಶುಲ್ಕ ಬೀಳುತ್ತದೆ ಎಂದೂ ಹೇಳುವಂತಿಲ್ಲ. ಯುಪಿಐ ಮೂಲಕ ಗಿರಾಕಿ ತನ್ನ ಖಾತೆಯಿಂದ ಕೊಟ್ಟರೆ ವ್ಯಾಪಾರಿಯಿಂದ ಶುಲ್ಕ ಕಡಿಯಬಾರದೆಂದು 2020ರ ಜನವರಿಯಿಂದಲೇ ಇದೆ. ನೂರ ಇಪ್ಪತ್ತೆಂಟು ತೋಟಿಗರಿಗೆ ಸಲ್ಲಬೇಕು.

ಅಂಗಡಿಕಟ್ಟೆ:
ಅಕ್ಕಾ, ನಿಮ್ಮ ಕೌಂಟರಿನಲ್ಲಿ ‘ನಗದು’ ಎಂದು ಫಲಕ ಇತ್ತಲ್ಲ, ಅಲ್ಲಿಗೆ ನಾನು ಬಂದು ‘ಫೋನಿನಲ್ಲಿ ಕಳಿಸುತ್ತೇನೆ’ ಎಂದಿದ್ದರೆ ಏನು ಮಾಡುತ್ತಿದ್ದಿರಿ?

ಅಘನಾಶಿನಿ:
ಆ ಫಲಕದಲ್ಲಿ ‘ಶೇ. 2 ಸೋಡಿ’ ಎಂದು ಬರೆದಿರಲಿಲ್ಲ ತಮ್ಮಾ.

ಭಟ್ಕಳ ಬಂದರು:
ಓದುತ್ತಾ ಕೂತಿದ್ದೆ, ಈಗ ತಡೆಯಲಾಗಲಿಲ್ಲ. ‘ನಗದು’ ಅರಬ್ಬಿಯ ‘ನಖ್ದ್’. ಇದರ ಮೂಲ ಕ್ರಿಯೆಗೆ ಪರೀಕ್ಷಿಸುವುದು, ಒಳ್ಳೆಯ ನಾಣ್ಯವನ್ನು ಕೆಟ್ಟದ್ದರಿಂದ ಬೇರೆ ಮಾಡುವುದು ಎಂಬ ಅರ್ಥವಿದೆ. ಅದೇ ಪದಕ್ಕೆ ಇಂದಿನ ಅರಬ್ಬಿಯಲ್ಲಿ ವಿಮರ್ಶೆ ಎಂಬ ಅರ್ಥವೂ ಇದೆ. ಪುಸ್ತಕದ ವಿಮರ್ಶೆಯೂ ನಖ್ದ್, ಜೇಬಿನ ಹಣವೂ ನಖ್ದ್. ಹಾಗಾಗಿ ಇಲ್ಲಿ ನಡೆಯುತ್ತಿರುವುದು ಎರಡೂ ಅರ್ಥದಲ್ಲಿ ನಗದು ವ್ಯವಹಾರ.

ನನ್ನ ಅಜ್ಜನ ಜವಳಿ ಅಂಗಡಿಯಲ್ಲಿ ಗಲ್ಲೆಯ ಪಕ್ಕ ಒಂದು ಕರಿಕಲ್ಲಿನ ಚಪ್ಪಡಿ ಇತ್ತು. ಅಂಗೈಯಷ್ಟು ಅಗಲ. ನಡುವೆ ಸವೆದು ನುಣುಪಾಗಿತ್ತು. ಬೆಳ್ಳಿ ರೂಪಾಯಿ ಬಂದರೆ ಹೆಬ್ಬೆರಳಿನಿಂದ ಚಿಮ್ಮಿಸಿ ಅದರ ಮೇಲೆ ಬೀಳಿಸುತ್ತಿದ್ದರಂತೆ. ದನಿ ಎಳೆದುಕೊಂಡು ಹೋದರೆ ಪೆಟ್ಟಿಗೆಗೆ, ‘ಟೊಕ್’ ಎಂದು ಸತ್ತರೆ ಗಿರಾಕಿಯ ಕೈಗೆ. ದನಿ ಕೇಳುವ ತನಕ ಅದು ನಗದಲ್ಲ, ಬರೀ ಲೋಹ. ಅಜ್ಜ ಹೋದ ಮೇಲೆ ಆ ಕಲ್ಲನ್ನು ಅಡುಗೆ ಮನೆಯವರು ಶುಂಠಿ ಜಜ್ಜಲು ಒಯ್ದರು.

ಈಗ ತೋಟಿಗರ ಅಂಗಡಿಯ ಡಬ್ಬಿ ಕೂಗಿತಲ್ಲ, ಅದೂ ಅದೇ ಕೆಲಸ. ಸುಳ್ಳು ಪರದೆ ತೋರಿಸಿ ಮಾಲು ಎತ್ತಿಕೊಂಡು ಹೋಗುವವರು ಹೆಚ್ಚಾದ ಮೇಲೆ ಅಂಗಡಿಯವರು ಫೋನು ನೋಡುವುದಿಲ್ಲ, ಡಬ್ಬಿಯ ದನಿಗೆ ಕಿವಿ ಕೊಡುತ್ತಾರೆ. ಹಣ ಬಂದಿತು, ಪರೀಕ್ಷೆಯಾಯಿತು, ಮಾಲು ಕೊಟ್ಟರು. ಅರಬ್ಬಿಯ ಮೂಲ ಅರ್ಥದಲ್ಲಿ ಅದು ನಗದೇ.

ಅಂಗಡಿಕಟ್ಟೆ:
ನಿಮ್ಮ ಅಜ್ಜ ಕೈಯಲ್ಲಿ ಹಿಡಿದು ಚಿಮ್ಮಿಸಿದರು. ನಾನು ಏನನ್ನು ಚಿಮ್ಮಿಸಲಿ?

ಮೂಲಾರ್ಥವೇ ಬೇಕಿದ್ದರೆ ನನ್ನ ಮಗಳು ಒಂದು ಹುಡುಕಿ ಕೊಟ್ಟಿದ್ದಾಳೆ. ಇಂಗ್ಲಿಷಿನ ‘ಕ್ಯಾಶ್’ ಪದ ಫ್ರೆಂಚ್, ಇಟಾಲಿಯನ್ ಕಡೆಯಿಂದ ಬಂದದ್ದು, ಅದರ ಮೊದಲ ಅರ್ಥ ಪೆಟ್ಟಿಗೆ! ಹಣ ಇಡುವ ಪೆಟ್ಟಿಗೆ. ಆಮೇಲೆ ಪೆಟ್ಟಿಗೆಯೊಳಗಿನ ಹಣಕ್ಕೂ ಅದೇ ಹೆಸರಾಯಿತು. ನಾನು ಮೊದಲ ದಿನವೇ ಹೇಳಿದ್ದು ಏನು? ಗಲ್ಲೆಗೆ ಬೀಳುವುದು ರೋಖ.

ಒಂಟಿಕೊಪ್ಪಲು:
ಸ್ವಾಮೀ, ಕ್ಯಾಶ್ ಎಂದರೆ ನಮ್ಮ ‘ಕಾಸು’ ಅಲ್ಲವೇ? ನಾವು ಶಾಲೆಯಲ್ಲಿ ಹೆಮ್ಮೆಯಿಂದ ಹೇಳಿಕೊಡುವ ಪದ ಅದು.

ಕಾಳಿತೀರ:
ಎರಡೂ ಇವೆ ಮಾಸ್ತರರೇ, ಇಂಗ್ಲಿಷಿನಲ್ಲಿ ಕ್ಯಾಶ್ ಎಂಬ ಪದಗಳು ಎರಡು. ಅಂಗಡಿಕಟ್ಟೆಯವರ ಪೆಟ್ಟಿಗೆಯ ಕ್ಯಾಶ್ ಬೇರೆ. ಚಿಲ್ಲರೆ ನಾಣ್ಯದ ಹೆಸರಾದ ಕ್ಯಾಶ್ ಬೇರೆ. ಅದು ತಮಿಳು, ಕನ್ನಡದ ‘ಕಾಸು’, ಪೋರ್ಚುಗೀಸರ ಬಾಯಲ್ಲಿ ಉರುಳಿ ಇಂಗ್ಲಿಷಿಗೆ ಹೋದದ್ದು. ಮದ್ರಾಸಿಗೆಂದು ಕಂಪನಿ ಸರ್ಕಾರ 1803 ಮತ್ತು 1808ರಲ್ಲಿ ಹೊರಡಿಸಿದ ತಾಮ್ರದ ನಾಣ್ಯಗಳ ಮೇಲೆ ‘ಇಪ್ಪತ್ತು ಕ್ಯಾಶ್’ ಎಂದು ಅಚ್ಚಾಗಿದೆ. ಆಗಿನ ಮದ್ರಾಸಿನ ಲೆಕ್ಕದಲ್ಲಿ ಎಂಬತ್ತು ಕಾಸಿಗೆ ಒಂದು ಹಣ, ನಲವತ್ತೆರಡು ಹಣಕ್ಕೆ ಒಂದು ವರಹ. ಆ ನಾಣ್ಯ ಹೊರಟಾಗ ನಮ್ಮ ಕರಾವಳಿ ಮದ್ರಾಸಿನ ಕೈಯಲ್ಲೇ ಇತ್ತು. ನಿಮ್ಮ ಹೆಮ್ಮೆಗೆ ಧಕ್ಕೆ ಇಲ್ಲ, ಇನ್ನರ್ಧವನ್ನು ಹೊನ್ನಾವರಕ್ಕೆ ಬಿಟ್ಟುಕೊಡಿ.

ಧಾರವಾಡ ಪೇಢೆ:
ಇಷ್ಟು ಹೊತ್ತು ಮಾತಾಡಿದಿರಿ, ಒಬ್ಬರೂ ‘ರೊಕ್ಕ’ ಎನ್ನಲಿಲ್ಲ. ರೋಖದ ಖಾಸಾ ಅಣ್ಣ ಅದು, ಎರಡೂ ಒಂದೇ ಬಳ್ಳಿಯ ಕಾಯಿ. ನಮ್ಮ ಕಡೆ ರೊಕ್ಕ ಎಂದರೆ ಎಲ್ಲವೂ. ಬ್ಯಾಂಕಿನಲ್ಲಿದ್ದರೂ ರೊಕ್ಕ, ಕಿಸೆಯಲ್ಲಿದ್ದರೂ ರೊಕ್ಕ, ಅಳಿಯ ಕೊಡಬೇಕಾದದ್ದೂ ರೊಕ್ಕ.

ತೋಟಿಗ:
ಪೇಢೆಯವರು ಎರಡೇ ಮಾತಿನಲ್ಲಿ ನನ್ನ ವಾದವನ್ನು ಗೆಲ್ಲಿಸಿದರು. ನೋಡಿ, ‘ಹಣ’ ಎಂಬುದು ಒಂದು ಕಾಲದಲ್ಲಿ ಉಗುರಿನಷ್ಟು ಚಿಕ್ಕ ಚಿನ್ನದ ನಾಣ್ಯ, ಇಂಗ್ಲಿಷರು ಫನಮ್ ಎಂದು ಕರೆದದ್ದು ಅದನ್ನೇ. ‘ದುಡ್ಡು’ ಒಂದು ತಾಮ್ರದ ಬಿಲ್ಲೆ. ‘ಕಾಸು’ ಅದಕ್ಕಿಂತ ಬಡವ. ಇವು ಮೂರೂ ನಾಣ್ಯವಾಗಿ ಸತ್ತು ಹೋದವು, ಪದವಾಗಿ ಬೆಳೆದವು. ಇಂದು ‘ದುಡ್ಡು ಹಾಕಿದ್ದೇನೆ, ನೋಡು’ ಎಂದು ಫೋನಿನಲ್ಲಿ ಹೇಳುವಾಗ ಯಾರಿಗೂ ತಾಮ್ರ ನೆನಪಾಗುವುದಿಲ್ಲ. ರೊಕ್ಕವೂ ಹಾಗೆಯೇ ಹರಡಿತು. ಹಾಗಿದ್ದ ಮೇಲೆ ಅದರ ತಮ್ಮ ರೋಖ ಮಾತ್ರ ಯಾಕೆ ಕಾಗದಕ್ಕೆ ಕಟ್ಟಿಕೊಂಡು ಕೂರಬೇಕು?

ಅಂಗಡಿಕಟ್ಟೆ:
ಕೂರಬೇಕಾದದ್ದು ಯಾಕೆಂದರೆ ಯಾರಾದರೂ ಒಬ್ಬರು ಕೂರಲೇಬೇಕು! ಹಣ ಹರಡಿತು, ದುಡ್ಡು ಹರಡಿತು, ರೊಕ್ಕ ಹರಡಿತು. ಎಲ್ಲ ಪದಗಳೂ ಎಲ್ಲವೂ ಆಗಿಬಿಟ್ಟರೆ, ಕೈಯಲ್ಲಿ ಹಿಡಿದ ನೋಟಿಗೆ ನಾನು ಏನೆಂದು ಕರೆಯಲಿ? ಲಾರಿಯವನು ‘ಹೇಗೆ ಕೊಡುತ್ತೀರಿ?’ ಎಂದು ಕೇಳುತ್ತಾನೆ. ‘ರೋಖ’ ಎನ್ನುತ್ತೇನೆ. ಅವನಿಗೆ ತಕ್ಷಣ ತಿಳಿಯುತ್ತದೆ. ನೀವು ಗೆದ್ದರೆ ಆ ಪದ ನನ್ನ ಕೈ ತಪ್ಪುತ್ತದೆ.

ಇದು ಬರೀ ಲೆಕ್ಕದ ಮಾತಲ್ಲ. ಮೊದಲು ‘ರೋಖವೋ, ಉದ್ರಿಯೋ?’ ಎಂದು ಕೇಳುತ್ತಿದ್ದೆವು. ಈಗ ಬೆಳಿಗ್ಗೆಯಿಂದ ರಾತ್ರಿಯ ತನಕ ನಾನು ಕೇಳುವುದು ‘ರೋಖವೋ, ಸ್ಕ್ಯಾನೋ?’ ಎಂದು. ಪದದ ಎದುರಾಳಿಯೇ ಬದಲಾದ ಮೇಲೆ ಪದದ ಅರ್ಥವೂ ಬದಲಾಯಿತು. ಫಲಕ ಹಳೆಯದಿರಬಹುದು, ಬಾಯಿ ಇವತ್ತಿನದು.

ಅಘನಾಶಿನಿ:
ಇಷ್ಟು ದಿನದಲ್ಲಿ ನೀವು ಆಡಿದ ಅತ್ಯುತ್ತಮ ಮಾತು ಇದು. ನನ್ನ ತೀರ್ಪು ಒಂದು ಅಂಗುಲ ಸರಿದಿದೆ, ಒಪ್ಪಿಕೊಳ್ಳುತ್ತೇನೆ. 2016ರ ನವೆಂಬರ್ 8ರ ರಾತ್ರಿ 500 ಮತ್ತು 1,000 ರೂಪಾಯಿ ನೋಟುಗಳು ರದ್ದಾದ ಮೇಲೆ ಕೆಲವು ವಾರ ನಮ್ಮ ಶಾಖೆಯ ಮುಂದೆ ನಿಂತ ಸಾಲು ನೆನಪಾಗುತ್ತದೆ. ಖಾತೆಯಲ್ಲಿ ಲಕ್ಷ ಇದ್ದ ರೈತರು ಕೂಲಿಯವರಿಗೆ ಕೊಡಲು ನಾಲ್ಕು ಸಾವಿರ ಇಲ್ಲದೆ ನಿಂತಿದ್ದರು. ‘ಹಣ ಇದೆ, ನಗದು ಇಲ್ಲ’ ಎಂದು ಅಂದು ಒಬ್ಬೊಬ್ಬರೂ ಹೇಳಿದರು. ಅಲ್ಲಿಯ ತನಕ ಆ ಎರಡು ಪದಗಳ ನಡುವೆ ಅಷ್ಟು ದೊಡ್ಡ ಕಂದಕವಿದೆ ಎಂದು ನಾನೂ ಅಂದುಕೊಂಡಿರಲಿಲ್ಲ.

ಆದರೂ ಒಂದು ಮಾತು. ಬಾಯಿಯ ಮಾತು ಬದಲಾದರೆ ಫಲಕವನ್ನೂ ಬದಲಿಸಬೇಕು. ಗಿರಾಕಿ ಓದುವುದು ಫಲಕವನ್ನು. ಪದದ ಅರ್ಥ ಜಾರಿದಾಗ ಆಗುವ ಅನಾಹುತಕ್ಕೆ ‘ಸಂಚಕಾರ’ ನೋಡಿ. ಆಸ್ತಿ ಕೊಳ್ಳುವಾಗ ಮಾತು ಗಟ್ಟಿ ಮಾಡಲು ಕೊಡುವ ಮುಂಗಡ ಅದು. ಸಂಚಕಾರ ಪತ್ರ ಎಂದು ಇಂದಿಗೂ ಬರೆಯುತ್ತಾರೆ. ಪತ್ರಿಕೆಯಲ್ಲಿ ಮಾತ್ರ ‘ಜೀವಕ್ಕೆ ಸಂಚಕಾರ’. ಶಾಖೆಗೆ ಹೊಸದಾಗಿ ಬಂದ ಹುಡುಗನೊಬ್ಬ ಗದ್ದೆಯ ಕಾಗದದಲ್ಲಿ ‘ಐವತ್ತು ಸಾವಿರ ಸಂಚಕಾರ’ ಎಂದು ಓದಿ, ಯಾರೋ ಬೆದರಿಕೆ ಹಾಕಿದ್ದಾರೆ ಎಂದು ಗಾಬರಿಯಾಗಿ ನನ್ನ ಬಳಿ ಓಡಿ ಬಂದಿದ್ದ.

ಒಂಟಿಕೊಪ್ಪಲು:
ನಾನೂ ಅದನ್ನು ಬೆದರಿಕೆ ಎಂದೇ ಓದುತ್ತಿದ್ದೆ. ‘ಬೇಬಾಕಿ’ಯನ್ನು ಬಹಳ ದಿನ ‘ಬೇರೆ ಬಾಕಿ’ ಎಂದು ತಿಳಿದಿದ್ದೆ. ಬಾಕಿ ಇಲ್ಲ ಎಂಬ ಪತ್ರ ತರಲು ಹೇಳಿದರೆ, ನನಗೆ ಯಾವ ಬಾಕಿಯೂ ಇಲ್ಲವೆಂದು ಜಗಳವಾಡಿ ಬಂದಿದ್ದೇನೆ.

ಕಾಳಿತೀರ:
ಅಂಗಡಿಕಟ್ಟೆಯವರ ‘ರೋಖವೋ, ಸ್ಕ್ಯಾನೋ’ ಓದಿ, ನಿಜವೇ ಎಂದು ನೋಡಲು ಇಂದು ಬೆಳಿಗ್ಗೆ ಕಾರವಾರದ ಮೀನು ಪೇಟೆಯಲ್ಲಿ ಕಿವಿ ತೆರೆದು ನಿಂತಿದ್ದೆ.

ನಾನು ಯಾವಾಗಲೂ ಯಾರಿಂದ ಮೀನು ಕೊಳ್ಳುತ್ತೇನೋ ಆ ಹೆಂಗಸು ಬಂಗುಡೆಯ ಬುಟ್ಟಿಯ ಹಿಂದೆ ಕೂತಿದ್ದಳು. ಸೊಂಟದಲ್ಲಿ ಸಂಚಿ. ಅದರಲ್ಲಿ ಒಂದು ಅರೆಯಲ್ಲಿ ಎಲೆ, ಅಡಿಕೆ, ಸುಣ್ಣದ ಡಬ್ಬಿ, ಇನ್ನೊಂದು ಅರೆಯಲ್ಲಿ ನೋಟು. ನೋಟೆಲ್ಲ ಉಪ್ಪು ನೀರು ಕುಡಿದು ಮೆತ್ತಗಾಗಿ, ಬಾಡಿದ ವೀಳ್ಯದೆಲೆಯ ಹಾಗೆ ಒಂದಕ್ಕೊಂದು ಅಂಟಿಕೊಂಡಿದ್ದವು. ಛತ್ರಿಯ ಕಡ್ಡಿಗೆ ದಾರ ಕಟ್ಟಿ ಸ್ಕ್ಯಾನ್ ಮಾಡುವ ಚೌಕದ ಹಾಳೆ ತೂಗುಬಿಟ್ಟಿದ್ದಾಳೆ, ಅದರ ಮೇಲೂ ಒಂದೆರಡು ಪೊರೆ ಅಂಟಿವೆ. ನಾನು ಫೋನು ತೆಗೆದೆ. ತಕ್ಷಣ ತಡೆದಳು. ‘ಬೋಣಿ ಇನ್ನೂ ಆಗಿಲ್ಲ ಒಡೆಯಾ, ಮೊದಲ ವ್ಯಾಪಾರಕ್ಕೆ ಕೈಯಲ್ಲಿ ಕೊಡಿ. ಆಮೇಲೆ ಬಂದವರು ಬೇಕಾದರೆ ಅದರಲ್ಲಿ ಹಾಕಲಿ’ ಎಂದಳು. ನೂರರ ನೋಟು ಕೊಟ್ಟೆ. ಎರಡೂ ಕಣ್ಣಿಗೆ ಒತ್ತಿಕೊಂಡು ಸಂಚಿಗೆ ಸೇರಿಸಿದಳು. ಫೋನಿನಲ್ಲಿ ಬಂದದ್ದಕ್ಕೆ ಬೋಣಿಯಾಗುವುದಿಲ್ಲವೇ ಎಂದು ಕೇಳಿದೆ. ‘ಕಣ್ಣಿಗೆ ಒತ್ತಿಕೊಳ್ಳಲು ಏನು ಸಿಗುತ್ತದೆ?’ ಎಂದು ನನ್ನನ್ನೇ ಕೇಳಿದಳು.

ಆದರೆ ಒಂದು ವಿಶೇಷ. ಅವಳು ‘ರೋಖ’ ಎನ್ನಲಿಲ್ಲ. ಪಕ್ಕದವಳೂ ಎನ್ನಲಿಲ್ಲ. ಒಂದು ಗಂಟೆ ನಿಂತೆ, ಒಬ್ಬರ ಬಾಯಲ್ಲೂ ಅದು ಬರಲಿಲ್ಲ. ಎಲ್ಲರೂ ಕೇಳಿದ್ದು ‘ಕ್ಯಾಶ್ ಇದೆಯೇ?’ ಎಂದು. ಕೊಂಕಣಿಯಲ್ಲಿ ಮಾತನಾಡುವವರೂ ಅಷ್ಟೇ. ‘ದುಡು’ ಎಂದರೆ ಎಲ್ಲ ಹಣ, ‘ಕ್ಯಾಶ್’ ಎಂದರೆ ನೋಟು. ಅಂಗಡಿಕಟ್ಟೆಯವರೇ, ನೋಟಿಗೆ ಪದ ಇಲ್ಲವಾಗುತ್ತದೆ ಎಂದು ಹೆದರಬೇಡಿ, ಪದ ಆಗಲೇ ಬಂದು ಕೂತಿದೆ. ನೀವು ಕಾಪಾಡುತ್ತಿರುವ ರೋಖ ತಗಡಿನ ಮೇಲೆ ಮಾತ್ರ ಉಳಿದಿದೆಯೋ ಏನೋ.

ಅಂಗಡಿಕಟ್ಟೆ:
ಮೀನು ಪೇಟೆಯಲ್ಲಿ ಉದ್ರಿ ಇಲ್ಲ. ಉದ್ರಿ ಇಲ್ಲದ ಕಡೆ ರೋಖ ಯಾಕೆ ಇರುತ್ತದೆ? ನಮ್ಮ ಕಿರಾಣಿ ಸಾಲಿಗೆ ಬನ್ನಿ, ದಿನಕ್ಕೆ ನೂರು ಸಲ ಕೇಳಿಸುತ್ತೇನೆ.

ಭಟ್ಕಳ ಬಂದರು:
ಹೌದಲ್ಲ. ಎದುರಾಳಿ ಇಲ್ಲದ ಕಡೆ ಪದಕ್ಕೂ ಕೆಲಸವಿಲ್ಲ.

ಧಾರವಾಡ ಪೇಢೆ:
ಚಿಲ್ಲರೆಯ ಬಗ್ಗೆಯೂ ಒಂದಿಷ್ಟು ಮಾತಾಡಿ. ಆ ಪದಕ್ಕೆ ಆದಷ್ಟು ಅವಮಾನ ಯಾವುದಕ್ಕೂ ಆಗಿಲ್ಲ. ‘ಚಿಲ್ಲರೆ ಬುದ್ಧಿ’, ‘ಚಿಲ್ಲರೆ ಮನುಷ್ಯ’ ಎಂದು ಬಯ್ಯುತ್ತೇವೆ. ಬಸ್ಸಿನಲ್ಲಿ ಮಾತ್ರ ಚಿಲ್ಲರೆ ಇದ್ದವನೇ ದೊಡ್ಡ ಮನುಷ್ಯ. ನಾಲ್ಕಾಣೆ 2011ರ ಜೂನ್ ಮುಗಿದ ಮೇಲೆ ಚಲಾವಣೆಯಲ್ಲೇ ಇಲ್ಲ, ನಮ್ಮ ಅತ್ತೆ ಮಾತ್ರ ಇನ್ನೂ ‘ಹದಿನಾರಾಣೆ ಸತ್ಯ’ ಹೇಳುತ್ತಾರೆ. 1957ರಲ್ಲಿ ರೂಪಾಯಿಗೆ ನೂರು ಪೈಸೆ ಆಯಿತು, ಅವರ ಸತ್ಯಕ್ಕೆ ಇನ್ನೂ ಹದಿನಾರೇ ಆಣೆ.

ಅಘನಾಶಿನಿ:
ಅದಕ್ಕೆ ಬೇರೆ ಚರ್ಚೆ ತೆರೆಯಿರಿ ಪೇಢೆಯವರೇ, ನನಗೂ ಹೇಳುವುದು ಬಹಳ ಇದೆ. ತೋಟಿಗರೇ, ನಿಮ್ಮ ಅಂಗಡಿಯ ಸಮಾಚಾರ ಏನಾಯಿತು?

ತೋಟಿಗ:
ನಿನ್ನೆ ಹೋಗಿದ್ದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ಅಪ್ಪ ದಾರಿಯುದ್ದಕ್ಕೂ ಹೇಳಿದ್ದರಿಂದ, ನೂರ ಇಪ್ಪತ್ತೆಂಟರ ಮಾತು ನಾನು ಎತ್ತಲಿಲ್ಲ. ಅವರೂ ಎತ್ತಲಿಲ್ಲ. ಎಂದಿನಂತೆ ಕುಡಿಯಲು ನೀರು, ಬೆಲ್ಲ ಕೊಟ್ಟರು.

ಫಲಕ ನೋಡಿದೆ. ‘ರೋಖ’ ಎಂಬ ಪದದ ಮೇಲೆ ಒಂದು ಬಿಳಿ ಕಾಗದದ ಪಟ್ಟಿ ಅಂಟಿಸಿ, ಪೆನ್ನಿನಲ್ಲಿ ‘ನೋಟು ಕೊಟ್ಟು’ ಎಂದು ಬರೆದಿದ್ದಾರೆ. ‘ನೋಟು ಕೊಟ್ಟು ಖರೀದಿಗೆ ಶೇ. 2 ಸೋಡಿ.’ ವ್ಯಾಕರಣ ಕುಂಟುತ್ತಿದೆ, ಅರ್ಥ ಮಾತ್ರ ನೆಟ್ಟಗೆ ನಿಂತಿದೆ. ಅವರು ಇದನ್ನು ಓದುತ್ತಿದ್ದಾರೋ, ನನ್ನ ಹಾಗೆ ಇನ್ನೂ ನಾಲ್ಕು ಜನ ತಕರಾರು ತೆಗೆದರೋ, ಕೇಳಲಿಲ್ಲ.

ಹಗ್ಗ ತೆಗೆದುಕೊಂಡೆ, 350 ರೂಪಾಯಿ. ಈ ಸಲ ಬೇಕೆಂದೇ 500ರ ನೋಟು ಕೊಟ್ಟೆ. ಏಳು ರೂಪಾಯಿ ಸೋಡಿ ಕಳೆದು 343 ಎಂದು ಬರೆದರು. ಗಲ್ಲೆಯಿಂದ ನೂರೈವತ್ತು ತೆಗೆದು ಕೊಟ್ಟರು. ಉಳಿದ ಏಳು ರೂಪಾಯಿಗಾಗಿ ನಾಣ್ಯದ ಬಟ್ಟಲನ್ನೆಲ್ಲ ಬೆರಳಿನಿಂದ ಕೆದಕಿದರು, ಹಮಾಲನನ್ನು ಕೇಳಿದರು, ಪಕ್ಕದ ಅಂಗಡಿಗೆ ಹುಡುಗನನ್ನು ಓಡಿಸಿದರು. ಎಲ್ಲಿಯೂ ಚಿಲ್ಲರೆ ಸಿಗಲಿಲ್ಲ. ಕೊನೆಗೆ ಕನ್ನಡಕ ಏರಿಸಿ, ‘ನಿಮ್ಮ ನಂಬರು ಹೇಳಿ’ ಎಂದು, ಆ ಏಳು ರೂಪಾಯಿಯನ್ನು ನನ್ನ ಫೋನಿಗೆ ಕಳಿಸಿದರು.

ಅಂಗಡಿಕಟ್ಟೆ:
ನನ್ನ ಬಾಯಿ ಕಟ್ಟಿತು.

ಒಂಟಿಕೊಪ್ಪಲು:
ಆ ಏಳು ರೂಪಾಯಿ ಮುಟ್ಟಿದ್ದಕ್ಕೆ ನೀವು ಪಾವತಿ ಬರೆದು ಕೊಟ್ಟಿರಾ?